ಮನೇಲಿ ಜಪಮಾಲೆಗೆ ಪರ್ಮಿಷನ್ ಬೇಕಾ? ಸರ್ಕಾರಿ ಶಾಲೇಲಿ ಕ್ರೈಸ್ತ ಪ್ರಾರ್ಥನೆ ಹೇಳಿಸ್ಬೋದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂಡಿಗೆರೆ ತಾಲೂಕು, ನಾವು ಕ್ಯಾಥೋಲಿಕರು. ನಮ್ಮೆಜಮಾನ್ರು ಕಾಫಿ ಎಸ್ಟೇಟಲ್ಲಿ ರೈಟ್ರು, ನಾನು ಇಲ್ಲೇ ಸರ್ಕಾರಿ ಶಾಲೇಲಿ ಟೀಚರ್, ಎಸ್ಟೇಟಿನವರು ಕೊಟ್ಟಿರೋ ಮನೇಲಿ ಇದೀವಿ. ಪ್ರತಿ ಗುರುವಾರ ಸಂಜೆ ನಾಲ್ಕೈದು ಮನೆಯೋರು ಸೇರಿ ಜಪಮಾಲೆ (ಮಣಿ ಎಣಿಸ್ತಾ ಹೇಳೋ ಮರಿಯಮ್ಮನ ಪ್ರಾರ್ಥನೆ) ಹೇಳ್ಕೋತೀವಿ, ಹತ್ತು ಹದಿನೈದು ಜನ ಅಷ್ಟೇ. ಹೋದ ತಿಂಗಳು ಮೂರು ಜನ ಹುಡುಗರು ಬೈಕಲ್ಲಿ ಬಂದು ಪರ್ಮಿಷನ್ ಇದ್ಯಾ, ಮತಾಂತರ ಮಾಡ್ತಿದೀರಾ ಅಂತ ಜೋರು ಮಾಡಿ ವಿಡಿಯೋ ತಗೊಂಡು ಹೋದ್ರು. ಅವತ್ತಿಂದ ಎರಡು ಮನೆಯೋರು ಬರೋದೇ ಬಿಟ್ಟಿದಾರೆ. ಇನ್ನೊಂದು, ಆಗಸ್ಟ್ 15ಕ್ಕೆ ಪ್ರಾರ್ಥನೆ ನೀವೇ ಹೇಳಿಸಿ ಟೀಚರ್ ಅಂದ್ರು ಹೆಡ್ಮಾಸ್ಟ್ರು. ಮಕ್ಕಳಿಗೆ ಒಂದು ಕ್ರೈಸ್ತ ಭಕ್ತಿಗೀತೆ ಕಲಿಸೋಣ ಅಂದ್ಕೊಂಡೆ, ಶಾಲಾಭಿವೃದ್ಧಿ ಸಮಿತಿ, ಅದೇ ಎಸ್‌ಡಿಎಂಸಿಯವರೊಬ್ಬರು ಸರ್ಕಾರಿ ಕಾರ್ಯಕ್ರಮದಲ್ಲಿ ಅದೆಲ್ಲ ಬೇಡ ಅಂದ್ರು. ದಿನಾ ಸರಸ್ವತಿ ಪ್ರಾರ್ಥನೆ ಆಗುತ್ತಲ್ಲ ಸರ್, ಅದಕ್ಕಿಲ್ಲದ್ದು ಇದಕ್ಕೆ ಯಾಕೆ? ಬೆಂಗಳೂರಲ್ಲಿ ಓದೋ ಮಗ ಸೆಕ್ಯುಲರ್ ದೇಶದಲ್ಲಿ ದೇವರನ್ನ ಮನೆ ಒಳಗೇ ಇಟ್ಕೋಬೇಕು ಅಂತಾನೆ. ತಮ್ಮ ಇಂಗ್ಲೆಂಡ್ ಪಾರ್ಲಿಮೆಂಟೇ ಯೇಸುವಿನ ಪ್ರಾರ್ಥನೆಯಿಂದ ಶುರುವಾಗುತ್ತೆ, ನಮ್ಮಲ್ಲಿ ದೆಹಲೀಲಿ ನುಡಿಸ್ತಿದ್ದ ಕ್ರೈಸ್ತ ಗೀತೇನೂ ತೆಗೆದುಹಾಕಿದ್ರು ಅಂತಾನೆ. ಯಾರದು ಸರಿ ಸರ್?

ಉತ್ತರ: ಟೀಚರ್, ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನಿಸಿದ್ದು, ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಒಂದಕ್ಕೊಂದು ಗಂಟು ಬಿದ್ದಿವೆ ಅಂತ. ಗುರುವಾರ ಸಂಜೆ ಮನೇಲಿ ಕೂತಾಗ ನೀವು ಒಬ್ಬ ಪ್ರಜೆ. ಬೆಳಿಗ್ಗೆ ಶಾಲೆ ಮೈದಾನದಲ್ಲಿ ಮಕ್ಕಳ ಮುಂದೆ ನಿಂತಾಗ ನೀವು ಸರ್ಕಾರ. ಕಾನೂನು ಈ ಇಬ್ಬರನ್ನ ಬೇರೆ ಬೇರೆಯಾಗಿ ನೋಡುತ್ತೆ, ಹಾಗಾಗಿ ನಿಮಗೆ ಒಂದು ಕಡೆ ಪೂರ್ತಿ ಧೈರ್ಯ ಹೇಳ್ತೀನಿ, ಇನ್ನೊಂದು ಕಡೆ ನಿಮಗೆ ಅಷ್ಟು ಇಷ್ಟ ಆಗದ ಮಾತು ಹೇಳಬೇಕಾಗುತ್ತೆ. ಹಾಸನದ ಕೋರ್ಟಲ್ಲಿ 27 ವರ್ಷದಿಂದ ವಕೀಲಿಕೆ ಮಾಡ್ತಿದೀನಿ, ಇಂಥ ಗಲಾಟೆಗಳಲ್ಲಿ ಎರಡೂ ಕಡೆಯವರು ನನ್ನ ಆಫೀಸಿನ ಬೆಂಚಲ್ಲಿ ಕೂತಿದಾರೆ.

ಮೊದಲು ಮನೆ ವಿಚಾರ, ಯಾಕಂದ್ರೆ ಭಯ ಇರೋದು ಅಲ್ಲಿ. ಮನೇಲಿ ಕೂತು ಜಪಮಾಲೆ ಹೇಳೋಕೆ ಪೊಲೀಸರ ಪರ್ಮಿಷನ್ ಬೇಡ, ಪಂಚಾಯ್ತೀದೂ ಬೇಡ, ಬೈಕಲ್ಲಿ ಬಂದ ಹುಡುಗರಿಗಂತೂ ಕೇಳೋ ಹಕ್ಕೇ ಇಲ್ಲ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮನ ನಂಬೋಕೆ, ಆಚರಿಸೋಕೆ, ಪ್ರಚಾರ ಮಾಡೋಕೆ ಹಕ್ಕು ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಕೆಡಬಾರದು, ಬೇರೆಯವರ ಮೂಲಭೂತ ಹಕ್ಕಿಗೆ ಅಡ್ಡ ಬರಬಾರದು ಅನ್ನೋ ಮಿತಿ ಇಟ್ಟು. ಪಕ್ಕದ ಮನೇಲಿ ಸತ್ಯನಾರಾಯಣ ಪೂಜೆಗೆ ಐವತ್ತು ಜನ ಸೇರ್ತಾರೆ, ಯಾರಾದ್ರೂ ಲೈಸೆನ್ಸ್ ತೋರಿಸಿ ಅಂತಾರಾ? ನಿಮ್ಮ ಹದಿನೈದು ಜನಕ್ಕೂ ಅದೇ ನ್ಯಾಯ.

ಮತಾಂತರ ಅನ್ನೋ ಪದ ಇಟ್ಕೊಂಡು ಹೆದರಿಸ್ತಾರೆ, ಅದನ್ನ ಬಿಡಿಸಿ ಹೇಳ್ತೀನಿ. 1977ರಲ್ಲಿ ಮಧ್ಯಪ್ರದೇಶ ಮತ್ತು ಒಡಿಶಾದ ಕಾಯ್ದೆಗಳ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನಂದ್ರೆ, ಪ್ರಚಾರದ ಹಕ್ಕು ಅಂದ್ರೆ ನನ್ನ ಧರ್ಮದಲ್ಲಿ ಏನಿದೆ ಅಂತ ಇನ್ನೊಬ್ಬರಿಗೆ ತಿಳಿಸೋ ಹಕ್ಕು, ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕು ಅದರಲ್ಲಿ ಸೇರಲ್ಲ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆನೂ ಬಲವಂತ, ಮೋಸ, ಆಮಿಷ, ಮದುವೆ ಆಸೆ ತೋರಿಸಿ ಮಾಡೋ ಮತಾಂತರದ ಬಗ್ಗೆ ಬರೆದದ್ದು, ಜಪಮಾಲೆ ಹೇಳೋದನ್ನ ಅಪರಾಧ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಆದ್ರೆ ಟೀಚರ್, ಬೇಜಾರು ಮಾಡ್ಕೋಬೇಡಿ, ನಾನು ನೋಡಿದ ಕೇಸುಗಳಲ್ಲಿ ಪ್ರಾರ್ಥನೆಗಿಂತ ಅದರ ಸುತ್ತ ಇದ್ದ ವಿಚಾರಗಳೇ ತೊಂದರೆ ತಂದಿವೆ. ಪ್ರಾರ್ಥನೆ ಮುಗಿದ ಮೇಲೆ ಅಕ್ಕಿ ಬ್ಯಾಗೋ ಬಟ್ಟೆಯೋ ಹಂಚೋದು, ಇಲ್ಲಿ ಬಂದ್ರೆ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಪಾಂಪ್ಲೆಟ್ ಹಾಕಿಸೋದು (ಮಂತ್ರ ಮಾಯದಿಂದ ಕಾಯಿಲೆ ವಾಸಿ ಅನ್ನೋ ಜಾಹೀರಾತಿನ ವಿರುದ್ಧ 1954ರಿಂದಲೇ ಕಾಯ್ದೆ ಇದೆ), ಅಪ್ಪ ಅಮ್ಮನಿಗೆ ಗೊತ್ತಿಲ್ದೆ ಬೇರೆ ಮನೆ ಮಕ್ಕಳನ್ನ ಕೂರಿಸ್ಕೊಳ್ಳೋದು. ನೀವು ಟೀಚರ್ ಬೇರೆ, ನಿಮ್ಮದೇ ಶಾಲೆ ಮಕ್ಕಳು ಆಡ್ತಾ ಆಡ್ತಾ ಬಂದು ಬಾಗಿಲಲ್ಲಿ ಕೂರಬಹುದು, ಮನೆಯವರು ಜೊತೆಗಿಲ್ದಿದ್ರೆ ಪ್ರೀತಿಯಿಂದಲೇ ವಾಪಸ್ ಕಳಿಸಿಬಿಡಿ.

ಪರ್ಮಿಷನ್ ನಿಜವಾಗಿ ಬೇಕಾಗೋದು ಮನೆ ಗೋಡೆ ದಾಟಿದಾಗ. ಮೈಕ್ ಇಟ್ರೆ ಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಲೌಡ್‌ಸ್ಪೀಕರಿಗೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಾಕೋ ಹಾಗಿಲ್ಲ, ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಮಿತಿ. ಅದೇ ವರ್ಷ ಚೆನ್ನೈನ ಒಂದು ಚರ್ಚಿನ ಕೇಸಲ್ಲಿ ಸುಪ್ರೀಂ ಕೋರ್ಟ್, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಿ ಅಂತ ಯಾವ ಧರ್ಮವೂ ಹೇಳಲ್ಲ ಅಂದಿತ್ತು. ಆ ಮಾತು ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ. ಪರಮಪ್ರಸಾದದ ಮೆರವಣಿಗೆ, ಶುಭಶುಕ್ರವಾರದ ಶಿಲುಬೆ ಹಾದಿ ರಸ್ತೆಗೆ ಬಂದ್ರೆ ಠಾಣೇಲಿ ಅರ್ಜಿ ಕೊಡಬೇಕು, ಗಣಪತಿ ಬಿಡೋರೂ ಕೊಡ್ತಾರೆ. ವಾಸದ ಮನೆ ಅಂತ ಲೈಸೆನ್ಸ್ ಇರೋ ಕಟ್ಟಡನ ಬೋರ್ಡು ಹಾಕಿ ಪರ್ಮನೆಂಟಾಗಿ ಪ್ರಾರ್ಥನಾ ಮಂದಿರ ಮಾಡಿದ್ರೆ ಕಟ್ಟಡದ ಬಳಕೆ ಬದಲಾಯ್ತು ಅನ್ನೋ ತಕರಾರು ಬರುತ್ತೆ. ನಿಮ್ಮದು ಇದ್ಯಾವುದೂ ಅಲ್ಲ.

ನಿಮಗೆ ಹೊಳೆದಿರದ ಒಂದು ಅಪಾಯ ಹೇಳ್ತೀನಿ ಕೇಳಿ. ನೀವಿರೋ ಮನೆ ಎಸ್ಟೇಟಿಂದು. 25ನೇ ವಿಧಿ ನಿಮ್ಮನ್ನ ಕಾಪಾಡೋದು ಮುಖ್ಯವಾಗಿ ಸರ್ಕಾರದಿಂದ, ಮನೆ ಮಾಲೀಕ "ನನ್ನ ಜಾಗದಲ್ಲಿ ಹೊರಗಿನ ಜನ ಸೇರಿಸಬೇಡಿ" ಅಂದ್ರೆ ಅದನ್ನ ಮೂಲಭೂತ ಹಕ್ಕಿನ ಪ್ರಶ್ನೆ ಮಾಡ್ಕೊಂಡು ಗೆಲ್ಲೋದು ಕಷ್ಟ. ಮಲೆನಾಡಲ್ಲಿ ಇಂಥ ಗಲಾಟೆ ಎಷ್ಟೋ ಸಲ ಕೋರ್ಟಿಗೆ ಬರೋದೇ ಇಲ್ಲ, ಯಾರೋ ಒಬ್ಬರು ಸಾಹುಕಾರ್ರ ಕಿವಿಗೆ ಹಾಕ್ತಾರೆ, ಸಾಹುಕಾರ್ರು ನಮಗ್ಯಾಕಪ್ಪಾ ತಲೆನೋವು ಅಂತ ಮನೆ ಖಾಲಿ ಮಾಡಿಸ್ತಾರೆ, ರೈಟ್ರ ಕೆಲಸಾನೂ ಹೋಗುತ್ತೆ. ಅದಕ್ಕೇ ಬೇರೆ ಯಾರ ಹತ್ರ ಹೋಗೋ ಮೊದಲು ನಿಮ್ಮೆಜಮಾನ್ರು ಸಾಹುಕಾರ್ರನ್ನ ನೇರವಾಗಿ ಕಂಡು, ಹಿಂಗ್ ಹಿಂಗೆ ವಾರಕ್ಕೊಂದು ಗಂಟೆ ಕೂರ್ತೀವಿ, ಮೈಕಿಲ್ಲ, ಹೊರಗಿನ ಪಾಸ್ಟರು ಯಾರೂ ಬರಲ್ಲ, ಹೋದ ತಿಂಗಳು ಹಿಂಗಾಯ್ತು ಅಂತ ತಾವೇ ಹೇಳಿಬಿಡಲಿ. ತಾನೇ ಮೊದಲು ಕೇಳಿದ ಸುದ್ದಿಗೆ ಮನುಷ್ಯ ಬೇರೆ ಥರ ನಡ್ಕೋತಾನೆ.

ಈಗ ಹುಡುಗರು ಮತ್ತೆ ಬಂದ್ರೆ ಏನು ಮಾಡೋದು. ಕಾನೂನುಬದ್ಧವಾಗಿ ಪೂಜೆ ಪ್ರಾರ್ಥನೆಗೆ ಸೇರಿದವರಿಗೆ ಬೇಕಂತಲೇ ಅಡ್ಡಿ ಮಾಡೋದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 300ನೇ ಸೆಕ್ಷನ್, ಹಳೇ ಐಪಿಸಿಲಿ 296 ಇತ್ತಲ್ಲ ಅದೇ, ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಅವರು ವಿಡಿಯೋ ಮಾಡಿದ್ರೆ ನೀವೂ ಮಾಡಿ, ವಾದಕ್ಕೆ ಇಳೀಬೇಡಿ, 112ಕ್ಕೆ ಫೋನ್ ಮಾಡಿ. ಕಂಪ್ಲೇಂಟ್ ಕೊಡೋದು ನಿಮ್ಮ ಹಕ್ಕು, ಆದ್ರೆ ಅದರ ಬೆಲೆನೂ ಹೇಳಬೇಕು. ಒಂದು ಎಫ್ಐಆರ್ ಆದ್ರೆ ಎದುರಿಗೆ ಇನ್ನೊಂದು ಕೌಂಟರ್ ಕಂಪ್ಲೇಂಟ್ ಬರೋದು ನಮ್ಮ ಕಡೆ ಮಾಮೂಲು, ಅದರಲ್ಲಿ ಮತಾಂತರದ ಮಾತು ಬರುತ್ತೆ, ನೀವು ಸರ್ಕಾರಿ ನೌಕರರಾದ್ದರಿಂದ ಅದು ಇಲಾಖೆಗೂ ಹೋಗುತ್ತೆ, ಕೇಸು ಬಿದ್ದುಹೋದ್ರೂ ಇಲಾಖಾ ವಿಚಾರಣೆ ಎಳೀತಾ ಹೋಗೋದನ್ನ ನಾನು ನೋಡಿದೀನಿ. ಹಾಗಂತ ಸುಮ್ಮನೆ ಇದ್ದುಬಿಡಿ ಅನ್ನಲ್ಲ. ಒಂದೇ ಸಲ ಬಂದು ಹೋದವರ ಬಗ್ಗೆ ಠಾಣೆಗೆ ಒಂದು ಮಾಹಿತಿ ಪತ್ರ ಸಾಕು, ಎರಡನೇ ಸಲ ಬಂದು ಒಳಗೆ ನುಗ್ಗಿದ್ರೆ ಅಥವಾ ಕೈ ಮಾಡಿದ್ರೆ ಅವತ್ತೇ ಕಂಪ್ಲೇಂಟ್ ಕೊಡಿ. ಕೆಲವರು ಜಪಮಾಲೆನ ಚರ್ಚಿಗೇ ವರ್ಗ ಮಾಡಿಬಿಡಿ ಅಂತಾರೆ, ಅದೂ ಒಂದು ದಾರಿ, ಸೇಫು ಹೌದು, ಆದ್ರೆ ಸಂಜೆ ಕತ್ತಲಲ್ಲಿ ಆನೆ ಓಡಾಡೋ ದಾರೀಲಿ ವಯಸ್ಸಾದವರು ಹೆಂಗೆ ಹೋಗ್ತಾರೆ, ಹೋಗಿ ವಾಪಸ್ ಮನೆ ಸೇರೋದು ಎಷ್ಟೊತ್ತಿಗೆ. ಠಾಣೆಗೆ ಕೊಡೋ ಆ ಪತ್ರದ ಬಗ್ಗೆ ಕೊನೇಲಿ ಹೇಳ್ತೀನಿ.

ಈಗ ಮಗ ಮತ್ತು ತಮ್ಮನ ಜಗಳ. ಇಬ್ಬರದ್ದೂ ಅರ್ಧರ್ಧ ಸರಿ.

ತಮ್ಮ ಹೇಳಿದ್ದು ನಿಜ, ಬ್ರಿಟನ್ನಿನ ಕೆಳಮನೆ ಪ್ರತಿ ದಿನದ ಕಲಾಪ ಆಂಗ್ಲಿಕನ್ ಪ್ರಾರ್ಥನೆಯಿಂದ ಶುರುವಾಗುತ್ತೆ, ಸದಸ್ಯರು ಗೋಡೆ ಕಡೆ ತಿರುಗಿ ನಿಲ್ತಾರೆ, ಮೇಲ್ಮನೇಲಿ 26 ಜನ ಬಿಷಪ್ಪರಿಗೆ ಸೀಟೇ ಇದೆ. ಆದ್ರೆ ಅಲ್ಲಿ ರಾಜರೇ ಇಂಗ್ಲೆಂಡಿನ ಅಧಿಕೃತ ಚರ್ಚಿನ ಮುಖ್ಯಸ್ಥರು, ನಮ್ಮಲ್ಲಿ ಅಂಥ ಅಧಿಕೃತ ಧರ್ಮ ಇಲ್ಲ, ಇಲ್ಲದಿರೋದೇ ನಿಮ್ಮಂಥ ಅಲ್ಪಸಂಖ್ಯಾತರಿಗೆ ದೊಡ್ಡ ರಕ್ಷಣೆ. ಪಾರ್ಲಿಮೆಂಟಲ್ಲಿ ಅಧಿಕೃತ ಪ್ರಾರ್ಥನೆ ಬೇಕು ಅಂತ ಇಲ್ಲಿ ಕೇಳಿದ್ರೆ ಅದು ಯಾರ ಪ್ರಾರ್ಥನೆ ಆಗುತ್ತೆ ಅಂತ ನಿಮ್ಮ ತಮ್ಮ ಒಂದು ನಿಮಿಷ ಯೋಚನೆ ಮಾಡಲಿ. ಇಂಗ್ಲೆಂಡಲ್ಲೂ ಎಲ್ಲ ಸಲೀಸಾಗಿಲ್ಲ, ಬಿಡೆಫರ್ಡ್ ಅನ್ನೋ ಸಣ್ಣ ಊರಿನ ಟೌನ್ ಕೌನ್ಸಿಲ್ ಮೀಟಿಂಗಲ್ಲಿ ಪ್ರಾರ್ಥನೆನ ಅಜೆಂಡಾದ ಭಾಗವಾಗಿ ಇಡೋ ಅಧಿಕಾರ ಕೌನ್ಸಿಲಿಗಿಲ್ಲ ಅಂತ 2012ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು, ಆಮೇಲೆ 2015ರಲ್ಲಿ ಬೇರೆ ಕಾಯ್ದೆ ತಂದು ಅವಕಾಶ ಕೊಟ್ರು. ಅಮೆರಿಕದಲ್ಲಿ ಇನ್ನೂ ಸ್ವಾರಸ್ಯ ಇದೆ. ರಾಷ್ಟ್ರೀಯ ಪ್ರಾರ್ಥನಾ ದಿನ ಅಂತ 1952ರಿಂದ ಕಾನೂನೇ ಇದೆ, ಆದ್ರೂ 1962ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಹೇಳಿಸ್ತಿದ್ದ 22 ಪದದ ಪ್ರಾರ್ಥನೆನ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದರಲ್ಲಿ ಯೇಸುವಿನ ಹೆಸರೂ ಇರಲಿಲ್ಲ, ಇಷ್ಟ ಇಲ್ಲದ ಮಕ್ಕಳು ಸುಮ್ಮನಿರಬಹುದು ಅಂತಾನೂ ಇತ್ತು, ಆದ್ರೂ ಜನ ಹೇಳೋ ಪ್ರಾರ್ಥನೆನ ಸರ್ಕಾರ ಬರೆದುಕೊಡಬಾರದು ಅಂತ ತೀರ್ಪು ಬಂತು. ಅದೇ ಕೋರ್ಟು 2022ರಲ್ಲಿ, ಆಟ ಮುಗಿದ ಮೇಲೆ ಮೈದಾನದಲ್ಲಿ ಮೊಣಕಾಲೂರಿ ತನ್ನಷ್ಟಕ್ಕೆ ಪ್ರಾರ್ಥನೆ ಮಾಡ್ತಿದ್ದ ಶಾಲಾ ಫುಟ್ಬಾಲ್ ಕೋಚ್ ಪರ ನಿಂತಿತು. ಆ ತೀರ್ಪಲ್ಲೂ ಜಡ್ಜುಗಳು ಇಬ್ಭಾಗ ಆಗಿದ್ರು, ಕೋಚ್ ಹಂಗೆ ಕೂತ್ರೆ ಹುಡುಗರು ಬರದೇ ಇರೋಕಾಗುತ್ತಾ ಅನ್ನೋದೇ ಜಗಳ.

ಮಗನಿಗೆ ಇದನ್ನ ಹೇಳಿ. ನಮ್ಮ ಸಂವಿಧಾನ ಸಭೆಲೂ ಇದು ಬಂದಿತ್ತು. 1949ರ ಅಕ್ಟೋಬರ್ 17ಕ್ಕೆ ಎಚ್.ವಿ. ಕಾಮತರು ಪ್ರಸ್ತಾವನೆನ ದೇವರ ಹೆಸರಲ್ಲಿ ಶುರು ಮಾಡೋಣ ಅಂತ ತಿದ್ದುಪಡಿ ತಂದ್ರು, ದೇವರನ್ನ ವೋಟಿಗೆ ಹಾಕಬೇಡಿ ಅಂತ ಕೆಲವರು ಕೇಳ್ಕೊಂಡ್ರು, ಆದ್ರೂ ವೋಟಾಯ್ತು, ಪರ 41, ವಿರುದ್ಧ 68. ಹಾಗಂತ ಆ ಸಭೆ ದೇವರನ್ನ ಸಾರ್ವಜನಿಕ ಬದುಕಿಂದ ಆಚೆ ಕಳಿಸಲಿಲ್ಲ. ಮಂತ್ರಿ ಪ್ರಮಾಣವಚನ ತಗೊಳ್ಳುವಾಗ ದೇವರ ಹೆಸರಲ್ಲೂ ಹೇಳ್ಬೋದು, ದೇವರಿಲ್ದೆ ಸತ್ಯನಿಷ್ಠೆಯಿಂದ ಅಂತಾನೂ ಹೇಳ್ಬೋದು. ಕೋರ್ಟಿನ ಕಟಕಟೆಲೂ ಸಾಕ್ಷಿಗೆ ಅದೇ ಆಯ್ಕೆ ಇದೆ, ನಾನು ದಿನಾ ನೋಡ್ತೀನಿ. ಆಯ್ಕೆ ಹೇಳೋ ಮನುಷ್ಯನದ್ದು. ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮೂರ ರಸ್ತೆ ಹೆಂಗಿರುತ್ತೆ ಅಂತ ನೋಡಿದವರು ಭಾರತದಲ್ಲಿ ಭಕ್ತಿ ಮನೆ ಒಳಗೆ ಇರಲಿ ಅಂತ ಹೇಳೋಕೇ ಆಗಲ್ಲ. ಆ ರಸ್ತೇಲಿ ಶಿಲುಬೆ ಮೆರವಣಿಗೆಗೂ ಜಾಗ ಇದೆ, ಇರಬೇಕು.

ದೆಹಲಿ ಗೀತೆ ವಿಚಾರನೂ ಇಲ್ಲೇ ಮುಗಿಸ್ತೀನಿ. ಗಣರಾಜ್ಯೋತ್ಸವ ಮುಗಿಸೋಕೆ ಜನವರಿ 29ಕ್ಕೆ ನಡೆಯೋ ಸೇನಾ ಬ್ಯಾಂಡಿನ ಕಾರ್ಯಕ್ರಮ ಬೀಟಿಂಗ್ ರಿಟ್ರೀಟಲ್ಲಿ ದಶಕಗಳಿಂದ 'ಅಬೈಡ್ ವಿತ್ ಮಿ' ಅನ್ನೋ ಕ್ರೈಸ್ತ ಸ್ತೋತ್ರದ ರಾಗ ನುಡಿಸ್ತಿದ್ರು, ಗಾಂಧೀಜಿಗೆ ಇಷ್ಟದ್ದು, 2022ರಲ್ಲಿ ಕೈಬಿಟ್ರು. ನೋವಾಗಿದ್ದು ನನಗೂ ಅರ್ಥ ಆಗುತ್ತೆ. ಆದ್ರೆ ಬ್ಯಾಂಡು ಯಾವ ರಾಗ ನುಡಿಸಬೇಕು ಅನ್ನೋದು ಸರ್ಕಾರದ ತೀರ್ಮಾನ, ಅದರಿಂದ ನಿಮ್ಮ ಪ್ರಾರ್ಥನೆ ಹಕ್ಕು ಒಂದಿಂಚೂ ಕಮ್ಮಿಯಾಗಿಲ್ಲ. ಪ್ರತಿ ಆಗಸ್ಟ್ 15ಕ್ಕೆ ನಿಮ್ಮ ಚರ್ಚಲ್ಲಿ ಮಾತೆ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬದ ಬಲಿಪೂಜೆ ಮುಗಿಸಿ ಕಾಂಪೌಂಡಲ್ಲಿ ಬಾವುಟ ಹಾರಿಸ್ತೀರಲ್ಲ, ಆಳೋರಿಗಾಗಿ ಪ್ರಾರ್ಥಿಸಿ ಅಂತ ಪೌಲರು ತಿಮೊಥೆಯನಿಗೆ ಬರೆದ ಮಾತಿನಂತೆ ದೇಶಕ್ಕೆ ಪ್ರಾರ್ಥನೆ ಮಾಡ್ತೀರಲ್ಲ, ರಾಷ್ಟ್ರದ ಬದುಕಲ್ಲಿ ಕ್ರೈಸ್ತ ಪ್ರಾರ್ಥನೆಗೆ ಅದಕ್ಕಿಂತ ಗಟ್ಟಿ ಜಾಗ ಯಾವುದು ಹೇಳಿ. ಅಲ್ಲಿ ಬಂದು ನಿಂತವರೆಲ್ಲ ತಾವಾಗೇ ಬಂದವರು. ಹಾಸನದ ಹತ್ರದ ಶೆಟ್ಟಿಹಳ್ಳಿಗೆ ಹೋದಾಗೆಲ್ಲ ನನಗೆ ಇದು ನೆನಪಾಗುತ್ತೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ರೋಸರಿ ಚರ್ಚು, ಗೊರೂರು ಡ್ಯಾಂ ನೀರು ಬಂದು ಊರೇ ಎದ್ದು ಹೋಯ್ತು, ಈಗ ಅಲ್ಲಿ ಪ್ರೀ ವೆಡ್ಡಿಂಗ್ ಫೋಟೋ ತೆಗೀತಾರೆ. ಹೇಮಾವತಿ ನೀರಲ್ಲಿ ಗದ್ದೆ ಮಾಡ್ತಿರೋ ನಾವು, ಆ ಜನ ತಮ್ಮ ದೇವರ ಮನೆನೇ ಬಿಟ್ಟು ಎದ್ದು ಹೋದ್ರು ಅನ್ನೋದನ್ನ ಮರೀಬಾರದು.

ಇನ್ನು ಶಾಲೆ. ನನ್ನ ಸಲಹೆ, ಆ ಭಕ್ತಿಗೀತೆ ಹೇಳಿಸಬೇಡಿ ಟೀಚರ್.

ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೇಲಿ ಧಾರ್ಮಿಕ ಬೋಧನೆ ಇರಬಾರದು ಅನ್ನುತ್ತೆ. ಅಸೆಂಬ್ಲಿ ಪ್ರಾರ್ಥನೆ ಬೋಧನೆ ಆಗುತ್ತಾ ಅನ್ನೋದು ಚರ್ಚೆ ಇರೋ ವಿಷಯ, ಕೇಂದ್ರೀಯ ವಿದ್ಯಾಲಯಗಳ ಸಂಸ್ಕೃತ ಪ್ರಾರ್ಥನೆ ಬಗ್ಗೆ ಬಂದ ಅರ್ಜಿನ 2019ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ದೊಡ್ಡ ಪೀಠ ನೋಡಲಿ ಅಂತ ಕಳಿಸಿದ್ರು. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಸರಸ್ವತಿಗೆ ಇಲ್ಲದ್ದು ಇದಕ್ಕೆ ಯಾಕೆ? ಕಾನೂನಿನ ಕಣ್ಣಲ್ಲಿ ವ್ಯತ್ಯಾಸ ಇಲ್ಲ, ಇರೋದು ರೂಢಿ. ಎಸ್‌ಡಿಎಂಸಿಯವರು ನಿಮ್ಮ ಗೀತೆಗೆ ಹೇಳಿದ ಕಾರಣ ದಿನದ ಪ್ರಾರ್ಥನೆಗೂ ಅನ್ವಯ ಆಗುತ್ತೆ, ಇದನ್ನ ನಾನು ಯಾವ ಸಭೇಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಒಂದು ತಪ್ಪು ನಡೀತಿದೆ ಅಂತ ಅದರ ಪಕ್ಕ ನಮ್ಮದೂ ಒಂದಿಟ್ರೆ ಮೂರನೇ ಕ್ಲಾಸಿನ ಮಗುವಿಗೆ ಏನು ಸಿಕ್ತು? ಎಂಟು ವರ್ಷದ ಮಗು ಟೀಚರ್ ಮುಂದೆ ನಿಂತು ನಾನು ಇದನ್ನ ಹೇಳಲ್ಲ ಅನ್ನೋಕಾಗಲ್ಲ.

ನಾನು ಹಿಂದೂ ಮನೆಯವನು, ಓದಿದ್ದು ಕಾನ್ವೆಂಟಲ್ಲಿ, 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಈಗಲೂ ಬಾಯಿಗೆ ಬರುತ್ತೆ, ನನಗೆ ಅದರಿಂದ ಒಳ್ಳೇದೇ ಆಗಿದೆ. ಆದ್ರೆ ನಮ್ಮಪ್ಪನನ್ನ ಯಾರೂ ಕೇಳಿರಲಿಲ್ಲ. ವಕೀಲನಾದ ಮೇಲೆ ಒಬ್ಬ ತಂದೆ ಬಂದಿದ್ರು, ಮಗಳು ಪ್ರಾರ್ಥನೆಗೆ ಕೈ ಜೋಡಿಸಲಿಲ್ಲ ಅಂತ ಒಂದು ಅನುದಾನಿತ ಶಾಲೇಲಿ ಬಿಸಿಲಲ್ಲಿ ನಿಲ್ಲಿಸಿದ್ರಂತೆ. 28ನೇ ವಿಧಿಯ ಮೂರನೇ ಭಾಗ ಸ್ಪಷ್ಟವಾಗಿದೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೇಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನ ಧಾರ್ಮಿಕ ಪ್ರಾರ್ಥನೆಗೆ ನಿಲ್ಲಿಸೋ ಹಾಗಿಲ್ಲ. ಕೇಸಾಗಲಿಲ್ಲ, ಅಲ್ಲಿನ ಸಿಸ್ಟರೇ ಕರೆದು ಮಾತಾಡಿ ಅಡ್ಮಿಷನ್ ಫಾರ್ಮಲ್ಲಿ ಒಪ್ಪಿಗೆಯ ಒಂದು ಸಾಲು ಸೇರಿಸಿದ್ರು. 2024ರಲ್ಲಿ ಭಾರತದ ಕ್ಯಾಥೋಲಿಕ್ ಬಿಷಪ್ಪರ ಮಂಡಳಿನೇ ತಮ್ಮ ಶಾಲೆಗಳಿಗೆ ಮಾರ್ಗಸೂಚಿ ಕೊಡ್ತು, ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಅಸೆಂಬ್ಲಿಲಿ ಸಂವಿಧಾನದ ಪ್ರಸ್ತಾವನೆ ಓದಿಸಿ, ಸರ್ವಧರ್ಮದ ಪ್ರಾರ್ಥನಾ ಕೋಣೆ ಇಡಿ ಅಂತ. ಚರ್ಚಿನ ಸ್ವಂತ ಶಾಲೆಗೇ ಈ ಮಾತು ಇರುವಾಗ ಸರ್ಕಾರಿ ಶಾಲೆಗೆ ಇನ್ನೂ ಜಾಸ್ತಿ ಅನ್ವಯ ಆಗಬೇಕಲ್ವಾ.

ಇನ್ನೊಂದು ತೀರ್ಪು ನಿಮಗೆ ಗೊತ್ತಿರಲಿ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವವಾಗಿ ಎದ್ದು ನಿಲ್ತಿದ್ರು, ಹಾಡ್ತಿರಲಿಲ್ಲ, ದೇವರಿಗಲ್ಲದೆ ಬೇರೆ ಯಾರಿಗೂ ಸ್ತುತಿ ಹಾಡಬಾರದು ಅನ್ನೋದು ಅವರ ನಂಬಿಕೆ. ಶಾಲೆಯಿಂದ ತೆಗೆದ್ರು. 1986ರಲ್ಲಿ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿ ಅಂತು, ಹಾಡದೆ ಸುಮ್ಮನೆ ನಿಲ್ಲೋ ಹಕ್ಕು ಮಕ್ಕಳಿಗಿದೆ ಅಂತ. ಕ್ರೈಸ್ತ ಮಕ್ಕಳಿಗೆ ಸಿಕ್ಕ ಆ ರಕ್ಷಣೆ ನಿಮ್ಮ ಕ್ಲಾಸಿನ ಬೇರೆ ಮಕ್ಕಳಿಗೂ ಸೇರಿದ್ದು. ಗಾಂಧೀಜಿ 1947ರಲ್ಲಿ ದೆಹಲೀಲಿ ಸಂಜೆ ಪ್ರಾರ್ಥನೇಲಿ ಕುರಾನಿನ ಸಾಲು ಓದುವಾಗ ಯಾರೋ ಆಕ್ಷೇಪ ಎತ್ತಿದ್ರೆ ಆ ದಿನದ ಪ್ರಾರ್ಥನೆನೇ ನಿಲ್ಲಿಸಿದ್ದುಂಟು. ಅಷ್ಟು ಜನ ಕೂತಿದ್ರೂ ಬೇಡ ಅಂದವನನ್ನ ತುಳಿದು ದೇವರ ಹೆಸರು ಹೇಳೋಕೆ ಅವರಿಗೆ ಮನಸ್ಸು ಬರಲಿಲ್ಲ.

ಆಗಸ್ಟ್ 15ಕ್ಕೆ ಪ್ರಸ್ತಾವನೆನ ಕನ್ನಡದಲ್ಲಿ ಮಕ್ಕಳಿಂದ ಓದಿಸಿ, ಚೆನ್ನಾಗಿ ಕಲಿಸಿ, ಅರ್ಥ ಹೇಳಿ. ಹೆಡ್ಮಾಸ್ಟ್ರಿಗೆ ಪ್ರಾರ್ಥನೆನೇ ಬೇಕು ಅಂದ್ರೆ ಯಾವ ದೇವರ ಹೆಸರೂ ಇಲ್ಲದ, ಬೆಳಕು ಒಳ್ಳೇ ಬುದ್ಧಿ ಕೇಳೋ ಗೀತೆ ಕನ್ನಡದಲ್ಲಿ ಬೇಕಾದಷ್ಟಿವೆ. ಸರ್ವಧರ್ಮ ಪ್ರಾರ್ಥನೆ ಅಂತ ಮೂರು ಧರ್ಮದ್ದೂ ಒಂದೊಂದು ಹೇಳಿಸೋದು ಮೂರನೇ ದಾರಿ, ಊರಲ್ಲಿ ಸೌಹಾರ್ದ ಇದ್ರೆ ಚೆಂದ, ಆದ್ರೆ ಈಗಿನ ವಾತಾವರಣದಲ್ಲಿ ಕ್ರೈಸ್ತ ಟೀಚರೇ ಮುಂದೆ ನಿಂತು ಮಾಡಿಸಿದ್ರೆ ಯಾರಾದ್ರೂ ಕ್ರೈಸ್ತ ಭಾಗದ ಮೂವತ್ತು ಸೆಕೆಂಡ್ ಮಾತ್ರ ಕತ್ತರಿಸಿ ಗ್ರೂಪಿಗೆ ಹಾಕ್ತಾರೆ. ಮಾಡೋದಾದ್ರೆ ಎಸ್‌ಡಿಎಂಸಿ ಸಭೇಲಿ ತೀರ್ಮಾನ ಬರೆಸಿ, ಹೆಡ್ಮಾಸ್ಟ್ರು ಸಹಿ ಇರಲಿ. ದಿನದ ಪ್ರಾರ್ಥನೆ ಬಗ್ಗೆ ನಿಮ್ಮ ಆಕ್ಷೇಪ ಅದೇ ಸಭೇಲಿ ಸಮಾಧಾನವಾಗಿ ಹೇಳಬಹುದು, ಮೇಲಿನವರಿಗೆ ದೂರು ಬರೆಯೋದು ಈ ಗಲಾಟೆ ತಣ್ಣಗಾಗೋ ತನಕ ಬೇಡ. ಅದು ಹಕ್ಕಿನ ಮಾತಲ್ಲ, ನಿಮ್ಮ ಮನೆ ಕಿಟಕಿ ಗಾಜಿನ ಮಾತು.

ಈಗ ಆ ಪತ್ರ. ಠಾಣೆಗೆ ಕೊಡೋ ಪತ್ರದಲ್ಲಿ 'ಅನುಮತಿ ಕೋರಿ' ಅಂತ ಯಾವ ಕಾರಣಕ್ಕೂ ಬರೀಬೇಡಿ. ಬೇಕಿಲ್ಲದ ಅನುಮತಿ ಕೇಳಿದ್ರೆ ಅವರು ನಿರಾಕರಿಸ್ಬೋದು, ಆ ನಿರಾಕರಣೆ ಕಾಗದ ಆಮೇಲೆ ನಿಮ್ಮ ವಿರುದ್ಧವೇ ನಿಲ್ಲುತ್ತೆ, ಎಷ್ಟೋ ಜನ ಮಾಡೋ ತಪ್ಪು ಇದು. ವಿಷಯದ ಸಾಲಲ್ಲಿ 'ಮಾಹಿತಿಗಾಗಿ ಹಾಗೂ ರಕ್ಷಣೆ ಕೋರಿ' ಅಂತ ಹಾಕಿ. ಒಳಗೆ ಯಾವ ದಿನ, ಎಷ್ಟೊತ್ತಿಂದ ಎಷ್ಟೊತ್ತು, ಮನೆಯವರು ನೆರೆಯವರು ಮಾತ್ರ, ಮೈಕಿಲ್ಲ, ಇಂಥ ತಾರೀಕು ಇಂಥ ಹೊತ್ತಲ್ಲಿ ಮೂವರು ಬಂದು ಹೀಗಂದ್ರು, ಬೈಕ್ ನಂಬರ್ ಗೊತ್ತಿದ್ರೆ ಅದು, ಇಷ್ಟೇ ಸಾಕು. ಬರೋರ ಹೆಸರಿನ ಪಟ್ಟಿ ಕೊಡಬೇಡಿ, ಕೇಳಿದ್ರೆ ಯಾವ ಕಾನೂನಿನಡಿ ಅಂತ ಬರೆದು ಕೇಳಲಿ ಅನ್ನಿ. ಪತ್ರ ನಿಮ್ಮೆಜಮಾನ್ರ ಹೆಸರಲ್ಲಿರಲಿ, ನಿಮ್ಮ ಹೆಸರು ಬೇಡ. ಎರಡು ಕಾಪಿ ತಗೊಂಡು ಹೋಗಿ ಒಂದರ ಮೇಲೆ ಸೀಲು, ತಾರೀಕು ಹಾಕಿಸ್ಕೊಂಡು ಬನ್ನಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ಸಾಹುಕಾರ್ರನ್ನ ಕಂಡು ಬಂದ ಮೇಲೆ ಠಾಣೆ, ಮೊದಲು ಠಾಣೆ ಬೇಡ. ಮುಂದಿನ ಗುರುವಾರಕ್ಕೆ ಮೊದಲು ಎರಡೂ ಮುಗಿಸಿ, ಬರೋದು ಬಿಟ್ಟಿರೋ ಆ ಎರಡು ಮನೆಯವರಿಗೆ ಸೀಲು ಬಿದ್ದ ಕಾಪಿ ತೋರಿಸಿ ಕರೀರಿ.